ಬೀಸುವ ಮಿಷನ್ನು ಹುಡುಕಿ ಹೊರಟಾಗ

2024ರ ಮಳೆಗಾಲದಲ್ಲಿ ಅತ್ತೆ ಅಂಗಳದಲ್ಲಿ ಜಾರಿ ಬಿದ್ದರು. ಮಲೆನಾಡಿನ ಅಂಗಳ ಗೊತ್ತಲ್ಲ, ಜೂನ್ ಕಳೆಯಿತೆಂದರೆ ಕಲ್ಲಿನ ಮೇಲೆಲ್ಲ ಪಾಚಿ. ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿದ್ದೆವು, ನಡೆಯುವಲ್ಲಿ ಅಡಿಕೆ ಸೋಗೆ ಹಾಸಿದ್ದೆವು. ಆದರೂ ಬಿದ್ದರು. ಬಲಗೈ ಊರಿ ಬಿದ್ದದ್ದರಿಂದ ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರ್. ಅದನ್ನು ಬಿಚ್ಚಿದ ದಿನ ಡಾಕ್ಟರು, "ಅಮ್ಮಾ, ಊಟ ಮಾಡಿ, ಬಟ್ಟೆ ಮಡಚಿ, ತೊಂದರೆಯಿಲ್ಲ. ಆದರೆ ಭಾರ ಎತ್ತುವುದು, ಹಿಂಡುವುದು, ತಿರುಗಿಸುವುದು ಬೇಡ" ಎಂದರು. ಅತ್ತೆ ವಿಧೇಯ ವಿದ್ಯಾರ್ಥಿನಿಯಂತೆ ತಲೆಯಾಡಿಸಿದರು. ಮನೆಗೆ ಮರಳುವಾಗ ಆಟೋದಲ್ಲಿ ಒಂದೇ ಮಾತು ಕೇಳಿದರು: "ಹಾಗಾದರೆ ಕಾಫಿ?"

ಆ ಪ್ರಶ್ನೆ ನನಗೆ ಆಗ ಅರ್ಥವಾಗಲಿಲ್ಲ. ಅರ್ಥವಾಗಲು ಏಳು ತಿಂಗಳು ಬೇಕಾಯಿತು. ಆ ಏಳು ತಿಂಗಳಲ್ಲಿ ನಮ್ಮ ಮನೆಗೆ ಕಾಫಿ ಪುಡಿ ಮಾಡುವ ಎರಡು ಮಿಷನ್ನುಗಳು ಬಂದವು. ಒಂದು ಈಗ ಏಲಕ್ಕಿ, ಜೀರಿಗೆ ಪುಡಿ ಮಾಡುವ ಕೆಲಸಕ್ಕೆ ಸೇರಿದೆ.

ನಾನು ಹುಟ್ಟಿ ಬೆಳೆದದ್ದು ಘಟ್ಟದ ಕೆಳಗೆ, ಕಡಲ ಬದಿಯಲ್ಲಿ. ನನ್ನ ಉಮ್ಮನ ಮನೆಯಲ್ಲಿ ಬೆಳಗಾದರೆ ಚಹಾ. ಕಾಫಿ ಎಂದರೆ ಯಾರಾದರೂ ದೊಡ್ಡ ಅತಿಥಿಗಳು ಬಂದಾಗ ಅಂಗಡಿಯಿಂದ ಪುಟ್ಟ ಪೊಟ್ಟಣ ತರಿಸಿ, ಹಾಲಿಗೆ ಹಾಕಿ ಕದಡುವ ಒಂದು ಪಾನೀಯ. ಮದ್ರಸ ಮುಗಿಸಿ, ಅಂಚೆ ಮೂಲಕ ಬಿ.ಎ. ಓದುತ್ತಿದ್ದಾಗಲೇ ಮದುವೆಯಾಗಿ ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆಯ ಕಡೆಯ ಈ ಮನೆಗೆ ಬಂದೆ. ಅದು 2003. ಬಂದ ಮರುದಿನ ಮುಂಜಾನೆ ನನ್ನನ್ನು ಎಬ್ಬಿಸಿದ್ದು ಬಾಂಗ್ ಅಲ್ಲ, ಅದಕ್ಕಿಂತಲೂ ಮೊದಲೇ ಕೇಳಿಬಂದ ಕರ ಕರ ಶಬ್ದ. ಎದ್ದು ಹೋಗಿ ನೋಡಿದರೆ ಅಡುಗೆ ಮನೆಯ ಮೇಜಿನ ಅಂಚಿಗೆ ತಿರುಪು ಬಿಗಿದ ಎರಕದ ಕಬ್ಬಿಣದ ಕೈ ಮಿಷನ್ನು. ಅತ್ತೆ ನಿಂತುಕೊಂಡು ತಿರುಗಿಸುತ್ತಿದ್ದಾರೆ. ಬಾಯಲ್ಲಿ ಏನೋ ದಿಕ್ರ್. ಮಿಷನ್ನಿನ ಕೆಳಗೆ ಹಿತ್ತಾಳೆಯ ಬಟ್ಟಲು. ಆ ಪರಿಮಳ ನನ್ನ ಮೂಗಿಗೆ ಅಂದು ಹತ್ತಿದ್ದು ಇಂದಿಗೂ ಇಳಿದಿಲ್ಲ.

ಮಾವನವರಿಗೆ ಮೂರು ಎಕರೆ ರೊಬಸ್ಟಾ ಇತ್ತು. ಕೆಂಪಾದ ಹಣ್ಣು ಕಿತ್ತು, ಕಣದಲ್ಲಿ ಹಾಗೆಯೇ ಒಣಗಿಸಿ, ಪೇಟೆಯ ಹಲ್ಲರ್ ಮಿಲ್ಲಿನಲ್ಲಿ ಸಿಪ್ಪೆ ತೆಗೆಸಿದರೆ ಬೀಜ ಸಿಗುತ್ತದೆ. ಅತ್ತೆ ಈ ಮನೆಗೆ ಸೊಸೆಯಾಗಿ ಬಂದ ಕಾಲದಲ್ಲಿ ಕಾಫಿ ಬೆಳೆದವನಿಗೆ ತನ್ನ ಬೆಳೆಯನ್ನು ಮನಸ್ಸು ಬಂದಲ್ಲಿ ಮಾರುವ ಹಕ್ಕಿರಲಿಲ್ಲ. 1942ರ ಕಾಫಿ ಕಾಯ್ದೆಯ ಪ್ರಕಾರ ಎಲ್ಲವನ್ನೂ ಕಾಫಿ ಮಂಡಳಿಯ ಪೂಲಿಗೆ ಹಾಕಬೇಕು. ಮನೆ ಖರ್ಚಿಗೆ ಮತ್ತು ಬಿತ್ತನೆಗೆ ಮಾತ್ರ ಸ್ವಲ್ಪ ಇಟ್ಟುಕೊಳ್ಳಬಹುದು. 1990ರ ದಶಕದಲ್ಲಿ ಈ ಪದ್ಧತಿ ಹಂತ ಹಂತವಾಗಿ ಸಡಿಲಗೊಂಡು ಕೊನೆಗೆ ನಿಂತೇ ಹೋಯಿತು. ಅಲ್ಲಿಯವರೆಗೆ ಆ 'ಮನೆ ಖರ್ಚಿನ' ಮೂಟೆ ಅತ್ತೆಯ ಕೈಯಲ್ಲಿತ್ತು. ಬಾಣಂತಿ ನೋಡಲು ಹೋಗುವಾಗ, ಮದುವೆ ಮನೆಗೆ ಹೋಗುವಾಗ, ಕೆಲಸದವರು ಹಬ್ಬಕ್ಕೆ ಊರಿಗೆ ಹೊರಟಾಗ ಅದರಿಂದ ಒಂದು ಪೊಟ್ಟಣ. ಹುರಿದು, ಕೈಯಾರೆ ಬೀಸಿ, ಪತ್ರಿಕೆಯ ಕಾಗದದಲ್ಲಿ ಕಟ್ಟಿ ಕೊಡುತ್ತಿದ್ದರಂತೆ. ಬೇರೆ ಕೊಡಲು ಅವರ ಕೈಯಲ್ಲಿ ಏನೂ ಇರಲಿಲ್ಲವಲ್ಲ.

ಇದೆಲ್ಲ ಗೊತ್ತಿದ್ದೂ ನಾನು ಆ ದಿನ ಆಟೋದಲ್ಲಿ ಹೇಳಿದ್ದು, "ಅಯ್ಯೋ ಉಮ್ಮಾ, ಪ್ಯಾಕೆಟ್ ಪುಡಿ ತಂದರೆ ಆಯಿತಪ್ಪ. ಇದೂ ಒಂದು ಚಿಂತೆಯಾ?"

ಅವರು ಉತ್ತರ ಕೊಡಲಿಲ್ಲ. ಹೊರಗೆ ಮಳೆ ನೋಡುತ್ತಾ ಕುಳಿತರು.

ಪ್ಯಾಕೆಟ್ ಪುಡಿ ಬಂತು. ಮೇಲೆ ಸಣ್ಣ ಅಕ್ಷರದಲ್ಲಿ ಕಾಫಿ ಶೇ. 60, ಚಿಕೋರಿ ಶೇ. 40 ಎಂದಿತ್ತು. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು, ಎರಡರ ಪ್ರಮಾಣವನ್ನೂ ಪ್ಯಾಕೆಟ್ಟಿನ ಮೇಲೆ ಮುದ್ರಿಸಬೇಕು ಎಂದು ನಮ್ಮ ದೇಶದ ಆಹಾರ ನಿಯಮವೇ ಹೇಳುತ್ತದೆ. ನಾವು ಹೆಂಗಸರು ಬಿಸ್ಕತ್ತಿನ ಪೊಟ್ಟಣದಲ್ಲಿ ಹಂದಿ ಕೊಬ್ಬು ಇದೆಯೋ ಎಂದು ಕನ್ನಡಕ ಹಾಕಿ ಓದುತ್ತೇವೆ, ಕಾಫಿ ಪೊಟ್ಟಣವನ್ನು ಮಾತ್ರ ಬಣ್ಣ ನೋಡಿ ತರುತ್ತೇವೆ. ಚಿಕೋರಿ ಹರಾಮೂ ಅಲ್ಲ, ವಿಷವೂ ಅಲ್ಲ. ಗುಜರಾತ್, ಉತ್ತರ ಪ್ರದೇಶದ ಕಡೆ ಬೆಳೆಯುವ ಒಂದು ಗೆಡ್ಡೆಯಂಥ ಬೇರು, ಹುರಿದು ಪುಡಿ ಮಾಡಿದ್ದು. ಡಿಕಾಕ್ಷನ್‌ಗೆ ಗಟ್ಟಿ ಬಣ್ಣ ಕೊಡುತ್ತದೆ. ಆದರೆ ಕಾಫಿಯ ದುಡ್ಡು ಕೊಟ್ಟು ಬೇರು ಕುಡಿಯುವುದು ಬೇರೆ ವಿಷಯ. ಅದರಲ್ಲೂ 2024ರಿಂದೀಚೆಗೆ ಕಾಫಿಯ ಬೆಲೆ ಏರಿದ ರೀತಿ ನೋಡಿದರೆ!

ಅತ್ತೆ ಒಂದು ವಾರ ಕುಡಿದರು. ಆಮೇಲೆ, "ನನಗೆ ಪಿತ್ತ ಆಗ್ತದೆ ಮಗಳೇ, ಕಾಫಿ ಬೇಡ, ಒಂದು ಲೋಟ ಬಿಸಿನೀರು ಸಾಕು" ಎನ್ನತೊಡಗಿದರು. ವಯಸ್ಸಾಯಿತು, ಬಿಟ್ಟರೆ ಒಳ್ಳೆಯದೇ ಎಂದುಕೊಂಡೆ ನಾನು. ಶಾಲೆಗೆ ಓಡುವ ಅವಸರದಲ್ಲಿ ಎಷ್ಟು ವಿಷಯಗಳನ್ನು ನಾವು 'ಒಳ್ಳೆಯದೇ' ಎಂದುಕೊಂಡು ಬಿಟ್ಟುಬಿಡುತ್ತೇವೆ.

ಇವರಿಗೆ ಮಾತ್ರ ಸಮಾಧಾನವಾಗಲಿಲ್ಲ. "ಮನೆಯಲ್ಲಿ ಬೀಜ ಇಟ್ಟುಕೊಂಡು ಪ್ಯಾಕೆಟ್ ತರುವುದಾ? ಮಿಕ್ಸಿ ಇದೆಯಲ್ಲ" ಎಂದು ಚಟ್ನಿ ಜಾರಿಗೆ ಹುರಿದ ಬೀಜ ಸುರಿದು ತಿರುಗಿಸಿದರು. ಅರ್ಧ ನಿಮಿಷದಲ್ಲಿ ಪುಡಿ ತಯಾರು. ಮುಟ್ಟಿದರೆ ಬೆಚ್ಚಗೆ. ರಾತ್ರಿ ಫಿಲ್ಟರಿಗೆ ಹಾಕಿ ಕುದಿನೀರು ಎರೆದೆ. ಬೆಳಗ್ಗೆ ನೋಡಿದರೆ ಮೇಲಿನ ಪಾತ್ರೆಯಲ್ಲಿ ನೀರು ಹಾಗೆಯೇ ನಿಂತಿದೆ, ಕೆಳಗೆ ಎರಡು ಚಮಚದಷ್ಟು ಕಪ್ಪು ರಸ. ತಟ್ಟಿ, ಕುಟ್ಟಿ, ಬೇಡಿಕೊಂಡು ಇಳಿಸಿದ ಆ ಡಿಕಾಕ್ಷನ್ ಕಹಿಯೆಂದರೆ ಕಹಿ. ಜರಡಿ ಹಿಡಿದು ನೋಡಿದಾಗ ಕಾರಣ ಗೊತ್ತಾಯಿತು. ಅರ್ಧ ಪುಡಿ ಮುಖಕ್ಕೆ ಹಚ್ಚುವ ಪೌಡರಿನಂತೆ, ಇನ್ನರ್ಧ ಒಡೆದ ಕಾಳುಮೆಣಸಿನಂತೆ. ಧೂಳು ಫಿಲ್ಟರಿನ ತೂತು ಮುಚ್ಚುತ್ತದೆ, ಜೊತೆಗೆ ತನ್ನ ಕಹಿಯನ್ನೆಲ್ಲ ಬಿಟ್ಟುಕೊಡುತ್ತದೆ. ಗಟ್ಟಿ ಚೂರು ಏನೂ ಕೊಡದೆ ಗಸಿಯಾಗಿ ತಿಪ್ಪೆಗೆ ಹೋಗುತ್ತದೆ.

ಆಗ ಇವರು ಫೋನಿನಲ್ಲಿ ನೋಡಿ ಒಂದು 'ಕಾಫಿ ಗ್ರೈಂಡರ್' ತರಿಸಿದರು. 1,400 ರೂಪಾಯಿ. ಚಂದದ ಡಬ್ಬಿ, ಮೇಲೆ ಪಾರದರ್ಶಕ ಮುಚ್ಚಳ, ಒತ್ತಿದರೆ ತಿರುಗುತ್ತದೆ. ಬಿಚ್ಚಿ ನೋಡಿದರೆ ಒಳಗೆ ಅದೇ ಮಿಕ್ಸಿಯ ಬ್ಲೇಡು, ಗಾತ್ರದಲ್ಲಿ ತಮ್ಮ. ಪುಡಿಯೂ ಅದರ ಅಣ್ಣನದ್ದೇ. ಹಿಂದಿರುಗಿಸಲು ಕೇಳಿದರೆ ಬಳಸಿದ ವಸ್ತುವನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ ಬಂತು. ಬಳಸದೆ ಅದು ಕೆಟ್ಟದ್ದೆಂದು ತಿಳಿಯುವುದು ಹೇಗೆ ಎಂದು ಕೇಳುವ ಆಸೆಯಿತ್ತು, ಆದರೆ ಆ ಕಡೆ ಮಾತನಾಡುತ್ತಿದ್ದದ್ದು ಮನುಷ್ಯರಲ್ಲ, ಮುದ್ರಿತ ಧ್ವನಿ.

ಅತ್ತೆ ಆ ಡಬ್ಬಿಯನ್ನು ಎಡಗೈಯಲ್ಲಿ ಎತ್ತಿ, ಒಳಗೆ ಇಣುಕಿ, ಕೆಳಗಿಟ್ಟರು. "ಇದು ಕೊಚ್ಚುತ್ತದೆ, ಬೀಸುವುದಿಲ್ಲ" ಎಂದರು ಅಷ್ಟೆ. ನಾವಿಬ್ಬರೂ ಪದವೀಧರರು, ಆ ಮಾತನ್ನು ಮುದುಕಿಯ ಗೊಣಗಾಟವೆಂದು ದಾಟಿಸಿದೆವು.

ಆಮೇಲೊಂದು ರಾತ್ರಿ, ಫೆಬ್ರವರಿಯ ಚಳಿ. ನನಗೆ ಎಚ್ಚರವಾಯಿತು. ಕರ... ಕರ... ನಿಲ್ಲುತ್ತದೆ. ಮತ್ತೆ ಕರ... ಕನಸೋ ಎಂದುಕೊಂಡೆ. ಗಡಿಯಾರದಲ್ಲಿ ನಾಲ್ಕೂಕಾಲು. ಅಡುಗೆ ಮನೆಯಲ್ಲಿ ದೀಪವಿಲ್ಲ, ಹಜಾರದ ಬೆಳಕು ಮಾತ್ರ. ಅತ್ತೆ ನೆಲದ ಮೇಲೆ ಕುಳಿತಿದ್ದಾರೆ. ಕೈ ಮಿಷನ್ನನ್ನು ಮೇಜಿಗೆ ಬಿಗಿಯಲು ಆಗದೆ ತೊಡೆಗಳ ನಡುವೆ ಒತ್ತಿ ಹಿಡಿದುಕೊಂಡಿದ್ದಾರೆ. ಎಡಗೈಯಿಂದ ಹಿಡಿಕೆ ತಿರುಗಿಸುತ್ತಿದ್ದಾರೆ. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿದೆ. ಬೀಜ ಅರ್ಧ ನೆಲಕ್ಕೆ ಚೆಲ್ಲಿದೆ.

ನನ್ನನ್ನು ಕಂಡು, "ನಿನ್ನ ನಿದ್ದೆ ಕೆಡಿಸಿದೆನಾ?" ಎಂದರು.

ಪಿತ್ತವೂ ಇರಲಿಲ್ಲ, ಏನೂ ಇರಲಿಲ್ಲ. ಇಷ್ಟು ತಿಂಗಳು ಅವರಿಗೆ ಬೇಕಾದ ಕಾಫಿ ಈ ಮನೆಯಲ್ಲಿ ಸಿಗುತ್ತಿರಲಿಲ್ಲ, ಕೇಳಿದರೆ ಸೊಸೆಗೆ ಹೊರೆಯಾಗುತ್ತದೆ ಎಂಬುದು ಅವರ ಲೆಕ್ಕ. ನಾನು ಆ ಹೊತ್ತಿನಲ್ಲಿ ಏನು ಹೇಳಿದೆನೋ ನೆನಪಿಲ್ಲ. ಮಿಷನ್ನನ್ನು ತೆಗೆದುಕೊಂಡು ಮೇಜಿಗೆ ಬಿಗಿದು ಉಳಿದದ್ದನ್ನು ನಾನೇ ತಿರುಗಿಸಿದೆ. ಐದು ನಿಮಿಷಕ್ಕೆ ನನ್ನ ಭುಜ ಸೋತಿತು. ಐವತ್ತೈದು ವರ್ಷ ಅವರು ದಿನವೂ ಮಾಡಿದ ಕೆಲಸ ಅದು.

ಅಂದು ಭಾನುವಾರವಾಗಿತ್ತು. ತಿಂಡಿ ಮುಗಿದ ಮೇಲೆ ನಾನು ಸ್ಕ್ರೂಡ್ರೈವರ್ ತೆಗೆದುಕೊಂಡು ಕೈ ಮಿಷನ್ನನ್ನು ಬಿಚ್ಚಿದೆ. ಇಷ್ಟು ವರ್ಷ ಅದರ ಹೊಟ್ಟೆಯೊಳಗೆ ಏನಿದೆ ಎಂದು ನೋಡಿರಲಿಲ್ಲ. ಮೈತುಂಬ ಹಲ್ಲಿರುವ ಒಂದು ಕಬ್ಬಿಣದ ಮೊಗ್ಗು, ಅದರ ಸುತ್ತ ಒಳಮೈಯಲ್ಲಿ ಹಲ್ಲಿರುವ ಒಂದು ಬಳೆ. ಮೊಗ್ಗು ತಿರುಗುತ್ತದೆ, ಬಳೆ ನಿಲ್ಲುತ್ತದೆ. ನಡುವಿನ ಸಂದಿನಲ್ಲಿ ಬೀಜ ಮೊದಲು ಒಡೆದು, ಇಳಿಯುತ್ತಾ ಇಳಿಯುತ್ತಾ ಸಣ್ಣದಾಗಿ, ಸಂದು ಎಷ್ಟು ಕಿರಿದೋ ಅಷ್ಟೇ ಗಾತ್ರವಾದ ಮೇಲೆ ಹೊರಬೀಳುತ್ತದೆ. ಸಂದನ್ನು ಹೆಚ್ಚು ಕಡಿಮೆ ಮಾಡಲು ಒಂದು ತಿರುಪು. ಥೇಟ್ ಬೀಸುವ ಕಲ್ಲು! ಬ್ಲೇಡಿನ ಮಿಷನ್ನಿನಲ್ಲಿ ಬೀಜಕ್ಕೆ ಹೊರದಾರಿಯೇ ಇಲ್ಲ. ಸಿಕ್ಕಿದ್ದಕ್ಕೆ ಮತ್ತೆ ಮತ್ತೆ ಏಟು, ತಪ್ಪಿಸಿಕೊಂಡದ್ದು ಹಾಗೆಯೇ. ಹೆಚ್ಚು ಹೊತ್ತು ತಿರುಗಿಸಿದರೆ ಇನ್ನಷ್ಟು ಧೂಳು, ಅಷ್ಟೆ. ಕೊಚ್ಚುತ್ತದೆ, ಬೀಸುವುದಿಲ್ಲ. ಅತ್ತೆ ಒಂದೇ ಸಾಲಿನಲ್ಲಿ ಹೇಳಿದ್ದು ಇದನ್ನೇ.

ಬೆಂಗಳೂರಿನಲ್ಲಿ ಓದುತ್ತಿರುವ ಮಗಳಿಗೆ ಫೋನ್ ಮಾಡಿದೆ. "ಅದಕ್ಕೆ ಬರ್ ಗ್ರೈಂಡರ್ ಅಂತಾರೆ ಉಮ್ಮಾ. ಕರೆಂಟಿನದ್ದೂ ಸಿಗುತ್ತದೆ" ಎಂದಳು. ಹೀಗೆ ಮನೆಯಲ್ಲೇ ಇದ್ದದ್ದಕ್ಕೆ ಒಂದು ಇಂಗ್ಲಿಷ್ ಹೆಸರು ಸಿಕ್ಕಿತು.

ಪೇಟೆಯ ಒಂದು ಅಂಗಡಿಗೆ ಹೋಗಿ "ಬರ್ ಇದೆಯಾ?" ಎಂದು ಕೇಳಿದೆ. ಹುಡುಗ ಒಂದು ಕ್ಷಣ ಯೋಚಿಸಿ, "ನಾಳೆ ಬರ್ತದೆ ಮೇಡಂ" ಎಂದ. ಅವನು ತಮಾಷೆ ಮಾಡಿದ್ದಲ್ಲ, ನಿಜವಾಗಿಯೂ ಹಾಗೆಯೇ ಕೇಳಿಸಿಕೊಂಡಿದ್ದ. ಇನ್ನೊಂದು ಅಂಗಡಿಯವರು ನಾನು ಕೇಳಿದ ಪ್ರಶ್ನೆಗಳಿಗೆಲ್ಲ ಇವರ ಮುಖ ನೋಡಿ ಉತ್ತರ ಕೊಟ್ಟರು. ಎಷ್ಟು ವ್ಯಾಟ್ ಎಂದು ನಾನು ಕೇಳಿದರೆ "ಸರ್, 150" ಎನ್ನುವುದು. ಇವರಿಗೆ ನಗು. ನನಗಲ್ಲ.

ಈ ನಡುವೆ ನಾದಿನಿ ಸೌದಿಯಿಂದ, "ನಾನು ರಜೆಗೆ ಬರುವಾಗ ತರುತ್ತೇನೆ, ಇಲ್ಲಿ ಎಲ್ಲರ ಮನೆಯಲ್ಲೂ ಇದೆ" ಎಂದಳು. ಒಳ್ಳೆಯ ಮನಸ್ಸು. ಆದರೆ ಅವಳು ಕಳಿಸಿದ ಫೋಟೊದಲ್ಲಿ ಮಿಷನ್ನಿನ ತಳಕ್ಕೆ ಅಂಟಿಸಿದ ಚೀಟಿಯನ್ನು ದೊಡ್ಡದು ಮಾಡಿ ಓದಿದಾಗ 110-127 ವೋಲ್ಟ್ ಎಂದಿತ್ತು. ಸೌದಿಯಲ್ಲಿ ಬಹಳ ಕಾಲ 127 ವೋಲ್ಟಿನ ಕರೆಂಟೂ ಮನೆಗಳಲ್ಲಿತ್ತು, ಅಂಥ ಸಾಮಾನು ಈಗಲೂ ಕೆಲವು ಮನೆಗಳಲ್ಲಿ ಉಳಿದಿದೆ. ಅದನ್ನು ತಂದು ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ಒಂದು ಕಪ್ ಕಾಫಿಗೂ ಮೊದಲೇ ಹೊಗೆ. ದುಬೈ ಕಡೆಯದ್ದಾದರೆ ವೋಲ್ಟೇಜ್ ಹೊಂದುತ್ತದೆ, ಪ್ಲಗ್ಗಿನ ಮೂರು ಚಪ್ಪಟೆ ಕಡ್ಡಿ ಮಾತ್ರ ನಮ್ಮ ಗೋಡೆಗೆ ಹೊಂದುವುದಿಲ್ಲ. ಎರಡರಲ್ಲೂ ಇನ್ನೊಂದು ತೊಡಕು, ಕೆಟ್ಟರೆ ಇಲ್ಲಿ ನೋಡುವವರಿಲ್ಲ. ಗಲ್ಫಿನಿಂದ ಬರುವ ಯಾವುದೇ ಮಿಷನ್ನಿನ ತಳದ ಚೀಟಿಯನ್ನು ಮೊದಲು ಓದಿ ಸಹೋದರಿಯರೇ, ಬಣ್ಣ ಆಮೇಲೆ ನೋಡೋಣ.

ನಾದಿನಿ ಇನ್ನೊಂದು ಮಾತು ಹೇಳಿದಳು. ಅಲ್ಲಿನವರು ಕುಡಿಯುವ ಕಹ್ವಾಕ್ಕೆ ಬೀಜವನ್ನು ತಿಳಿಯಾಗಿ ಹುರಿದು, ತರಿಯಾಗಿ ಪುಡಿ ಮಾಡಿ, ಏಲಕ್ಕಿ ಹಾಕಿ ಕುದಿಸುತ್ತಾರೆ, ಹಾಲಿಲ್ಲ. ನಮ್ಮ ಫಿಲ್ಟರಿಗೆ ಅದು ಒಗ್ಗದು. ಕಹ್ವಾ ಎಂಬ ಪದವನ್ನು ನಾನು ಮೊದಲು ಓದಿದ್ದು ಮದ್ರಸದಲ್ಲಿ. ಹಳೆಯ ಅರಬಿಯಲ್ಲಿ ಅದು ಮದ್ಯಕ್ಕಿದ್ದ ಹೆಸರುಗಳಲ್ಲಿ ಒಂದೆಂದು ಉಸ್ತಾದರು ಹೇಳಿದಾಗ ತರಗತಿಯಲ್ಲಿ ಪಿಸುಪಿಸು ಎದ್ದಿತ್ತು. 15ನೇ ಶತಮಾನದಲ್ಲಿ ಯಮನಿನ ಸೂಫಿಗಳು ರಾತ್ರಿಯ ದಿಕ್ರ್‌ಗೆ ಎಚ್ಚರವಿರಲು ಕಾಫಿ ಕುಡಿಯುತ್ತಿದ್ದರು. 1511ರಲ್ಲಿ ಮಕ್ಕಾದ ಅಧಿಕಾರಿಯಾಗಿದ್ದ ಖಾಯಿರ್ ಬೇಗ್ ಇದು ಅಮಲು ಪದಾರ್ಥವೆಂದು ನಿಷೇಧಿಸಿದ. ನಿಷೇಧ ಹೆಚ್ಚು ದಿನ ನಿಲ್ಲಲಿಲ್ಲ. ಅದೇ ಯಮನಿನ ಮೋಖಾ ಬಂದರಿನಿಂದ ಬಾಬಾ ಬುಡನ್ ಅವರು 17ನೇ ಶತಮಾನದಲ್ಲಿ ಏಳು ಬೀಜ ತಂದು ನಮ್ಮ ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬುದು ಇಲ್ಲಿನ ಪ್ರತೀತಿ. ನಮ್ಮ ಮನೆಯಿಂದ ಆಕಾಶ ತಿಳಿಯಾದ ದಿನ ಆ ಗಿರಿಸಾಲು ಕಾಣುತ್ತದೆ. ಅರಬ್ ಮರುಭೂಮಿಯ ಬದವಿಗಳು ಕಾಫಿ ಕುಟ್ಟುವ ಮರದ ಒರಳಿಗೆ ಮಿಹ್ಬಾಜ್ ಎನ್ನುತ್ತಾರೆ. ಅದನ್ನು ತಾಳಕ್ಕೆ ಸರಿಯಾಗಿ ಕುಟ್ಟುವುದೇ ಒಂದು ಕಲೆ. ಆ ಸದ್ದು ಕೇಳಿದರೆ ಸುತ್ತಲಿನ ಡೇರೆಯವರಿಗೆ ಅತಿಥಿ ಬಂದಿದ್ದಾರೆಂದು ಗೊತ್ತಾಗುತ್ತಿತ್ತಂತೆ. ಅತ್ತೆಗೆ ಇದನ್ನು ಹೇಳಿದೆ. "ಸದ್ದಿಲ್ಲದೆ ಕಾಫಿ ಆಗ್ತದಾ?" ಎಂದರು.

ಆಮೇಲೆ ನಾನು ಮಾಡಿದ ಒಂದು ಸರಿಯಾದ ಕೆಲಸವೆಂದರೆ ಅತ್ತೆಯನ್ನೇ ಕರೆದುಕೊಂಡು ಹೋದದ್ದು. ಕಾಫಿ ಹುರಿದು ಪುಡಿ ಮಾಡಿ ಕೊಡುವ ಚಿಕ್ಕಮಗಳೂರಿನ ಅಂಗಡಿಯೊಂದರಲ್ಲಿ ಮನೆ ಬಳಕೆಯ ಕರೆಂಟಿನ ಮಿಷನ್ನುಗಳನ್ನೂ ಇಟ್ಟಿದ್ದಾರೆಂದು ತಿಳಿದಿತ್ತು. ಹೊರಡುವಾಗ ಅತ್ತೆ ತಮ್ಮ ಬುರ್ಖಾದ ಕಿಸೆಯಲ್ಲಿ ಏನನ್ನೋ ತುರುಕಿಕೊಂಡರು. ಅಂಗಡಿಯಲ್ಲಿ ಹೊರತೆಗೆದಾಗ ನೋಡಿದರೆ ಹುರಿದ ಬೀಜದ ಪೊಟ್ಟಣ. "ಇದನ್ನು ಹಾಕಿ ತೋರಿಸಿ" ಎಂದರು. ಅಂಗಡಿಯವರು ಹಿರಿಯರು, ಕಾಫಿ ಬಲ್ಲವರು. ಎರಡು ಬೀಜ ಎತ್ತಿ ಮೂಸಿ, "ಸ್ವಂತ ತೋಟದ್ದಾ ಅಮ್ಮಾ? ರೊಬಸ್ಟಾ ಅಲ್ಲವಾ?" ಎಂದು ಕೇಳಿದರು. ಅಲ್ಲಿಂದ ಮುಂದೆ ನಮಗಿಬ್ಬರಿಗೂ ಆ ಮಾತುಕತೆಯಲ್ಲಿ ಜಾಗವಿರಲಿಲ್ಲ.

ಮೂರು ಮಿಷನ್ನುಗಳಿದ್ದವು. ಮೊದಲನೆಯದಕ್ಕೆ ಹದಿನೆಂಟು ಹಂತಗಳು. ಅದರ ಅತಿ ನುಣುಪಾದ ಹಂತದಲ್ಲೂ ಅತ್ತೆ ಪುಡಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ತಲೆಯಲ್ಲಾಡಿಸಿದರು. "ತರಿ." ಹಂತಗಳ ಲೆಕ್ಕ ದೊಡ್ಡದಿದ್ದರೆ ಸಾಲದು, ಅವುಗಳಲ್ಲಿ ನಮಗೆ ಬೇಕಾದದ್ದು ಇದೆಯೇ ಎಂದು ನೋಡಬೇಕು ಎಂಬುದು ಅಲ್ಲಿ ತಿಳಿಯಿತು. ಹಲವು ಮಿಷನ್ನುಗಳನ್ನು ಕಾಗದದ ಸೋಸುಕದಲ್ಲಿ ಕಾಫಿ ಇಳಿಸುವವರಿಗೆಂದು ಮಾಡಿರುತ್ತಾರೆ, ಅವರಿಗೆ ತರಿ ಬೇಕು. ನಮ್ಮ ಫಿಲ್ಟರಿಗೆ ಬೇಕಾದದ್ದು ಚಿರೋಟಿ ರವೆಯಷ್ಟು, ಅಥವಾ ಅದಕ್ಕಿಂತ ಒಂದು ಎಳೆ ನುಣುಪು. ಮೈದಾ ಆಗಬಾರದು. ಎರಡನೆಯದು ಪುಡಿಯಲ್ಲಿ ಗೆದ್ದಿತು, ಆದರೆ ಗಾತ್ರ ಆರಿಸುವುದು ಮೊಬೈಲಿನಂತೆ ಮುಟ್ಟುವ ಗಾಜಿನ ಪರದೆಯಲ್ಲಿ. ಅತ್ತೆಯ ಒರಟು ಬೆರಳಿಗೆ ಅದು ಓಗೊಡಲೇ ಇಲ್ಲ. ಬೆಲೆಯೂ ಹದಿನಾಲ್ಕು ಸಾವಿರದ ಮೇಲೆ. ಮೂರನೆಯದು ನೋಡಲು ಸಾಧಾರಣ. ಮೇಲೆ ಬೀಜ ಹಾಕುವ ಡಬ್ಬಿ, ಆ ಡಬ್ಬಿಯನ್ನೇ ಎಡಕ್ಕೆ ಬಲಕ್ಕೆ ತಿರುಗಿಸಿದರೆ ಗಾತ್ರ ಬದಲಾಗುತ್ತದೆ, ಮುಂದೆ ಒಂದೇ ಒಂದು ಗುಂಡಿ. ಒಳಗೆ ಉಕ್ಕಿನ ಮೊಗ್ಗು, ಉಕ್ಕಿನ ಬಳೆ. ಅಂಗಡಿಯವರು ಬಳೆಯನ್ನು ಕೈಯಲ್ಲೇ ಬಿಚ್ಚಿ ತೋರಿಸಿದರು. ನಮ್ಮ ಕೈ ಮಿಷನ್ನಿನ ಮೊಮ್ಮಗ.

ಅತ್ತೆ ಎಡಗೈಯಿಂದ ಡಬ್ಬಿ ತಿರುಗಿಸಿದರು. ಎಡಗೈಯಿಂದಲೇ ಗುಂಡಿ ಒತ್ತಿದರು. ಮಿಷನ್ನು ಶುರುವಾದಾಗ ಒಂದು ಹೆಜ್ಜೆ ಹಿಂದೆ ಸರಿದರು, ಆಮೇಲೆ ಕಿವಿಗೊಟ್ಟು ನಿಂತರು. ಮಿಕ್ಸಿಯ ಕಿರುಚಾಟವಲ್ಲ ಅದು, ಸ್ವಲ್ಪ ದಪ್ಪ ಸ್ವರ. ಮಿಕ್ಸಿ ನಿಮಿಷಕ್ಕೆ 18,000 ಸುತ್ತಿನ ಆಸುಪಾಸು ತಿರುಗಿದರೆ ಮನೆ ಬಳಕೆಯ ಬೀಸುವ ಮಿಷನ್ನುಗಳು ಕೆಲವು ನೂರು ಸುತ್ತಿನಿಂದ ಸಾವಿರ ಚಿಲ್ಲರೆಯವರೆಗೆ. ಅದಕ್ಕೇ ಪುಡಿ ಬಿಸಿಯಾಗುವುದು ಕಡಿಮೆ. ಪುಡಿ ಬಂತು. ಉಜ್ಜಿದರು. ಮೂಸಿದರು. ಬಾಯಿಗೆ ಒಂದು ಚಿಟಿಕೆ ಹಾಕಿಕೊಂಡರು. "ಎಷ್ಟು?" ಎಂದು ಕೇಳಿದರು.

6,400 ರೂಪಾಯಿ. ಅಕ್ಕಿ ಡಬ್ಬಿಯಲ್ಲಿ ನಾನು ಗೋದ್ರೇಜ್ ಕಪಾಟಿಗೆಂದು ಕೂಡಿಡುತ್ತಿದ್ದ ಹಣ ಅದು. ಅತ್ತೆಗೆ ಬೆಲೆ ಕೇಳಿ ಗಾಬರಿ. "ಬೇಡ ಮಗಳೇ, ಒಂದು ಲೋಟ ಕಾಫಿಗೆ ಇಷ್ಟಾ? ಇಸ್ರಾಫ್ ಅಲ್ಲವಾ?" ಎಂದರು. ದುಂದುವೆಚ್ಚದ ಬಗ್ಗೆ ಮಕ್ಕಳಿಗೆ ಪಾಠ ಹೇಳುವವಳು ನಾನು, ಅಲ್ಲಿ ನಿಂತು ಲೆಕ್ಕ ಹಾಕಿದೆ. ಪ್ಯಾಕೆಟ್ ಪುಡಿಗೆ ತಿಂಗಳಿಗೆ ಸುಮಾರು 700 ರೂಪಾಯಿ ಹೋಗುತ್ತಿತ್ತು, ಮನೆಯ ಬೀಜ ಮೂಟೆಯಲ್ಲಿ ಮುಗ್ಗಲು ಹಿಡಿಯುತ್ತಿತ್ತು. ಕೊಚ್ಚುವ ಡಬ್ಬಿಗೆ ಕೊಟ್ಟ 1,400 ರೂಪಾಯಿಯೇ ನಿಜವಾದ ಇಸ್ರಾಫ್. ಅಂಗಡಿಯವರು 200 ಕಡಿಮೆ ಮಾಡಿದರು, ಅತ್ತೆಯ ಬೀಜದಲ್ಲಿ ಕಾಲು ಕಿಲೋ ಯಾವಾಗಲಾದರೂ ತಂದುಕೊಡಬೇಕೆಂಬ ಷರತ್ತಿನ ಮೇಲೆ.

ಅವರು ಹೇಳಿದ ಕೆಲವು ಮಾತುಗಳನ್ನು ನಿಮಗೂ ಹೇಳಿಬಿಡುತ್ತೇನೆ. ಹುರಿದ ದಿನವೇ ಬೀಸಬಾರದು, ಬೀಜದೊಳಗಿನ ಗಾಳಿ ಹೊರಹೋಗಲು ಒಂದೆರಡು ದಿನ ಬಿಡಬೇಕು. ಬೀಸಿದ ಮೇಲೆ ಮಾತ್ರ ತಡ ಮಾಡಬಾರದು, ಪರಿಮಳ ನಿಮಿಷ ನಿಮಿಷಕ್ಕೂ ಹಾರುತ್ತದೆ, ಅಂದಂದಿನದ್ದು ಅಂದಂದಿಗೆ. ಕಪ್ಪಗೆ ಹುರಿದು ಎಣ್ಣೆ ಬಿಟ್ಟ ಬೀಜ ಹಲ್ಲುಗಳಿಗೆ ಅಂಟುತ್ತದೆ. ಚಿಕೋರಿಯನ್ನು ಮಿಷನ್ನಿಗೆ ಹಾಕಲೇಬೇಡಿ, ಅದು ತೇವ ಹೀರಿ ಮೇಣದಂತಾಗುತ್ತದೆ. ಬೇಕಿದ್ದರೆ ಪುಡಿಯಾಗಿಯೇ ಕೊಂಡು ಕೊನೆಗೆ ಬೆರೆಸಿ. ನಮ್ಮ ಮನೆಯಲ್ಲಿ ನೂರಕ್ಕೆ ಹದಿನೈದು. ನೀರಿನಲ್ಲಿ ತೊಳೆಯುವ ಹಾಗಿಲ್ಲ, ವಾರಕ್ಕೊಮ್ಮೆ ಬಿಚ್ಚಿ ಬ್ರಷ್ಷಿನಲ್ಲಿ ಉಜ್ಜಿದರೆ ಸಾಕು. ಮಿಕ್ಸಿಗೆ ಮಾಡುವಂತೆ ಅಕ್ಕಿ ಹಾಕಿ ಸ್ವಚ್ಛ ಮಾಡಲು ಹೋಗಬೇಡಿ, ಹುರಿದ ಕಾಫಿಗಿಂತ ಅಕ್ಕಿ ಗಟ್ಟಿ, ಮೋಟಾರಿಗೆ ಪೆಟ್ಟು. ಬೇಸಿಗೆಯಲ್ಲಿ ಪುಡಿ ಡಬ್ಬಿಗೆಲ್ಲ ಮೆತ್ತಿಕೊಂಡರೆ ಬೀಸುವ ಮುಂಚೆ ಒದ್ದೆ ಮಾಡಿದ ಚಮಚದ ಹಿಡಿಯಲ್ಲಿ ಬೀಜವನ್ನು ಒಮ್ಮೆ ಕಲಕಿದರೆ ನಿಲ್ಲುತ್ತದೆ. ಇದು ಕೊನೆಯದನ್ನು ನಾನು ನಂಬಿರಲಿಲ್ಲ, ಮಾಡಿ ನೋಡಿದೆ, ನಿಜ.

ಬಿಲ್ಲು ಬರೆಯುತ್ತಾ ಅವರು ಒಂದು ಎಚ್ಚರಿಕೆ ಕೊಟ್ಟರು. "ಕಣದಲ್ಲಿ ಒಣಗಿಸಿದ ಬೀಜ ಅಂದ್ರಲ್ಲ, ಕಲ್ಲು ಇರ್ತದೆ. ಒಂದು ಸಣ್ಣ ಕಲ್ಲು ಹೋದರೂ ಈ ಹಲ್ಲು ಮುರೀತದೆ. ಕೈ ಮಿಷನ್ನಾದರೆ ಕೈಗೆ ಗೊತ್ತಾಗ್ತದೆ, ನಿಲ್ಲಿಸ್ತೀರಿ. ಕರೆಂಟಿಗೆ ಗೊತ್ತಾಗೋದಿಲ್ಲ. ಚೆನ್ನಾಗಿ ಆರಿಸುವವರು ಬೇಕು."

ಇವರು ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಅಂಗಡಿಯವರಿಗೆ, "ಅದು ನನಗೆ ಬಿಡಿ" ಎಂದರು.

ಈಗ ಅಸರ್ ಕಳೆದ ಮೇಲೆ ಜಗಲಿಯಲ್ಲಿ ಮೊರ ಹಿಡಿದು ಕುಳಿತರೆ ಮಗ್ರಿಬ್ ಹತ್ತಿರವಾಗುವವರೆಗೆ ಅವರ ಕೆಲಸ ಅದೇ. ಕೇರಲು ಬಲಗೈ ಬಾರದು, ಹಾಗಾಗಿ ಮೊರವನ್ನು ಮಡಿಲಲ್ಲಿಟ್ಟು ಎಡಗೈಯಲ್ಲಿ ಹರಡುತ್ತಾರೆ. ಕರಿ ಬೀಜ ಒಂದು ಕಡೆ, ಹುಳ ಕೊರೆದದ್ದು ಒಂದು ಕಡೆ. ಸಿಕ್ಕಿದ ಕಲ್ಲುಗಳನ್ನು ಎಸೆಯುವುದಿಲ್ಲ. ನೋವಿನ ಎಣ್ಣೆಯ ಖಾಲಿ ಸೀಸೆಯೊಂದರಲ್ಲಿ ತುಂಬಿಡುತ್ತಾರೆ. ಇವರು ಸಂಜೆ ಬಂದಾಗ ಸೀಸೆ ಅಲ್ಲಾಡಿಸಿ, "ಇವತ್ತು ಎರಡು. ನಾನಿಲ್ಲದಿದ್ದರೆ ನಿನ್ನ ಆರು ಸಾವಿರ ಹೋಗ್ತಿತ್ತು" ಎನ್ನುತ್ತಾರೆ. ಹಣ ನನ್ನದು ಎಂದು ನಾನು ಅಡುಗೆ ಮನೆಯಿಂದ ಕೂಗುತ್ತೇನೆ.

ಇಶಾ ಮುಗಿಸಿ ಮಲಗುವ ಮುಂಚೆ ಪುಡಿ ಮಾಡಿ ಫಿಲ್ಟರಿಗೆ ಹಾಕುವುದು. ಬೆಳಗ್ಗೆಗೆ ಡಿಕಾಕ್ಷನ್ ಇಳಿದಿರುತ್ತದೆ, ಮಗನ ನಿದ್ದೆಯೂ ಕೆಡುವುದಿಲ್ಲ. ಮಳೆ ಜೋರಾದ ದಿನಗಳಲ್ಲಿ ಪುಡಿ ಗಾಳಿಯ ತೇವ ಹೀರಿ ಫಿಲ್ಟರಿನಲ್ಲಿ ಬಿಗಿದುಕೊಳ್ಳುತ್ತದೆ, ಆಗ ಡಬ್ಬಿಯನ್ನು ಒಂದು ಗೆರೆ ಹಿಂದಕ್ಕೆ ತಿರುಗಿಸಬೇಕು ಎಂಬುದು ಅತ್ತೆಯೇ ಕಂಡುಹಿಡಿದದ್ದು. ಮಿಷನ್ನಿನ ಜೊತೆ ಬಂದ ಪುಸ್ತಕದಲ್ಲಿ ಇದಿಲ್ಲ.

ಮೊನ್ನೆ ಗಾಳಿ ಮಳೆಗೆ ಮರ ಬಿದ್ದು ಎರಡು ದಿನ ಕರೆಂಟಿರಲಿಲ್ಲ. ಹೊಸ ಮಿಷನ್ನು ಬಟ್ಟೆ ಹೊದ್ದು ಕುಳಿತಿತ್ತು. ಎಂಟನೇ ತರಗತಿಯ ಮಗ ಕೈ ಮಿಷನ್ನನ್ನು ಅಟ್ಟದಿಂದ ಇಳಿಸಿ, ಮೇಜಿಗೆ ಬಿಗಿದು ಗರಗರ ತಿರುಗಿಸತೊಡಗಿದ. ಅತ್ತೆ ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲಿ ಕುಳಿತರು. "ಮೆಲ್ಲಗೆ, ಮೆಲ್ಲಗೆ. ಓಡಿಸಬೇಡ. ಕಾಲು ತಟ್ಟೆ ಆಗುವಷ್ಟು ಹೊತ್ತಿಗೆ ಒಂದು ಸಲಾತ್ ಪೂರ್ತಿ ಹೇಳಿ ಮುಗೀಬೇಕು" ಎಂದರು. ಅವನು ಅರ್ಧಕ್ಕೇ ಕೈ ನೋವೆಂದು ಎದ್ದು ಹೋದ. ಉಳಿದರ್ಧವನ್ನು ನಾನು ತಿರುಗಿಸಿದೆ, ಅವರು ಬಟ್ಟಲು ಹಿಡಿದುಕೊಂಡರು.